ಸಿಗಲಿ ಅಂತ ಬಚ್ಚಿಟ್ಟ ಹುಳುಕು

"ಯಾರ್ರೀ ಅದು, ನನ್ನ ನಾಲ್ಕನೇ ಸೆನ್ಸಾರನ್ನ ಕೆಡಿಸಿದ್ದು?"

ಲ್ಯಾಬಿನ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಒಳಗಿದ್ದವರೆಲ್ಲ ತಲೆ ಎತ್ತಿದರು. ಒಬ್ಬಳು ಮಾತ್ರ ಎತ್ತಲಿಲ್ಲ. ಪರದೆಯ ಮೇಲೆ ಓಡುತ್ತಿದ್ದ ಗೆರೆಗಳನ್ನು ನೋಡುತ್ತಲೇ ಎಡಗೈ ಮೇಲೆತ್ತಿದಳು.

"ನಾನು."

"ನೀವಾ? ಬೇಕು ಅಂತಲೇನಾ?"

"ಬೇಕು ಅಂತಲೇ. ಇಲ್ಲಿ ನನ್ನನ್ನ ಇಟ್ಕೊಂಡಿರೋದೇ ಅದಕ್ಕೆ."

ಯಾರೋ ಕಿಸಕ್ಕನೆ ನಕ್ಕರು. ಬಾಗಿಲಲ್ಲಿ ನಿಂತವನ ಕಿವಿ ಕೆಂಪಾಯಿತು. ಎತ್ತರದ ಮನುಷ್ಯ, ಅಂಗಿಯ ಒಂದು ತೋಳು ಮಡಿಸಿದೆ, ಇನ್ನೊಂದು ಮಡಿಸುವುದು ಮರೆತುಹೋಗಿದೆ. ಸಿಟ್ಟು ಮಾಡಿಕೊಂಡು ಅಭ್ಯಾಸವಿಲ್ಲದವರು ಸಿಟ್ಟು ಮಾಡಿಕೊಂಡರೆ ಹೀಗೇ ಆಗುವುದು. ಬಂದ ಮೇಲೆ ಮುಂದೇನು ಮಾಡಬೇಕೆಂದು ತೋಚುವುದಿಲ್ಲ.

"ಹೇಳಿ ಕೆಡಿಸಬಾರದಿತ್ತಾ?" ಎಂದ.

ಅವಳು ಆಗ ತಿರುಗಿ ನೋಡಿದಳು. "ಕಳ್ಳ ಹೇಳಿ ಬರ್ತಾನಾ?"

ಇದು ಅವರ ಮೊದಲ ಭೇಟಿ. ಕಣ್ಣು ಕಣ್ಣು ಕಲೆತವು, ಎದೆ ಝಲ್ಲೆಂದಿತು ಎಂದೆಲ್ಲ ಹೇಳಬಹುದಿತ್ತು. ಹಾಗೇನೂ ಆಗಲಿಲ್ಲ. ಇವನದು ಅತಿಯಾಯ್ತು ಎಂದು ಅವಳಿಗನಿಸಿತು, ಇವಳಿಗೆ ಕೊಬ್ಬು ಎಂದು ಅವನಿಗನಿಸಿತು. ಇಬ್ಬರೂ ಅವರವರ ಕೆಲಸಕ್ಕೆ ಮರಳಿದರು.

ಆ ಕೆಲಸ ಏನೆಂದು ಒಂದಿಷ್ಟು ಹೇಳಲೇಬೇಕು. ಬೇಸರಪಡಬೇಡಿ, ಬೇಗ ಮುಗಿಯುತ್ತದೆ.

ವಿಮಾನದ ಒಳಗೆ ಕೆಲವು ಪುಟ್ಟ ಸೆನ್ಸಾರ್‌ಗಳಿರುತ್ತವೆ. ವಿಮಾನ ಎಷ್ಟು ವಾಲಿತು, ಎಷ್ಟು ಬೇಗ ತಿರುಗಿತು, ಮೇಲಕ್ಕೆದ್ದಿತೋ ಕೆಳಗಿಳಿಯಿತೋ ಎಂದು ಹೊರಗೆ ಇಣುಕದೆ ಕೂತಲ್ಲೇ ಹೇಳುವುದು ಅವುಗಳ ಕೆಲಸ. ಹಿಂದಿನಿಂದಲೂ ಒಬ್ಬೊಬ್ಬರಿಗೆ ಒಂದೊಂದು ಜೊತೆ. ರೆಕ್ಕೆಗಳನ್ನು ಆಡಿಸುವ ಕಂಪ್ಯೂಟರಿಗೆ ಅದರದೇ ಸೆನ್ಸಾರ್‌ಗಳು, ದಾರಿ ಲೆಕ್ಕ ಹಾಕುವ ಕಂಪ್ಯೂಟರಿಗೆ ಅದರದೇ, ಪೈಲಟ್ಟಿನ ಮುಂದಿನ ಪರದೆಗೆ ಮತ್ತೆ ಬೇರೆ. ಒಂದೇ ಮನೆಯಲ್ಲಿ ಕೋಣೆಗೊಂದು ಗಡಿಯಾರ ತೂಗುಹಾಕಿದ ಹಾಗೆ.

ಇದು ದಂಡ ಎಂದವನು ಅವನು, ಈ ಯೋಜನೆಯ ಮುಖ್ಯಸ್ಥ. ಒಂದೇ ಪೆಟ್ಟಿಗೆಯಲ್ಲಿ ಆರು ಸೆನ್ಸಾರ್ ಸಾಕು, ಒಂದೊಂದನ್ನೂ ಬೇರೆ ಬೇರೆ ಓರೆಯಲ್ಲಿ ಕೂರಿಸೋಣ, ಎಲ್ಲರೂ ಅದನ್ನೇ ಹಂಚಿಕೊಳ್ಳಲಿ ಎಂದ. ಆರರಲ್ಲಿ ಒಂದು ಸುಳ್ಳು ಹೇಳಿದರೆ ಉಳಿದ ಐದರ ಮಾತಿಗೂ ಅದರ ಮಾತಿಗೂ ತಾಳೆಯಾಗುವುದಿಲ್ಲ. ಅದನ್ನು ಹಿಡಿದು ಹೊರಗೆ ಹಾಕಿದರಾಯಿತು. ಹೀಗೆ ಸೆನ್ಸಾರ್‌ಗಳ ನಡುವೆ ತೀರ್ಮಾನ ಮಾಡುವ ಪ್ರೋಗ್ರಾಂ ಬರೆದಿದ್ದಕ್ಕೆ ಲ್ಯಾಬಿನವರು ಅವನಿಗೆ 'ಪಂಚಾಯ್ತಿ' ಎಂದು ಹೆಸರಿಟ್ಟಿದ್ದರು.

ಮನೆಗೆಲ್ಲ ಒಂದೇ ಗಡಿಯಾರ ಸಾಕು, ನಿಜ. ಆದರೆ ಅದು ಕೆಟ್ಟರೆ ಇಡೀ ಮನೆಗೇ ಹೊತ್ತು ತಪ್ಪುತ್ತದೆ.

ಅದು ಕೆಡುತ್ತದೋ ಇಲ್ಲವೋ ಎಂದು ನೆಲದ ಮೇಲೆಯೇ ನೋಡುವವಳು ಅವಳು. ಕಂಪ್ಯೂಟರಿನೊಳಗೆ ಸುಳ್ಳು ವಿಮಾನವೊಂದನ್ನು ಹಾರಿಸುತ್ತಾಳೆ. ಹಾರಾಟದ ನಡುವೆ ಯಾವುದೋ ಒಂದು ಸೆನ್ಸಾರಿನಲ್ಲಿ ಗುಟ್ಟಾಗಿ ಒಂದು ಹುಳುಕು ಇಡುತ್ತಾಳೆ. ಒಮ್ಮೆ ಸೆನ್ಸಾರ್ ಇದ್ದಕ್ಕಿದ್ದಂತೆ ಹುಚ್ಚು ಹಿಡಿದಂತೆ ಕುಣಿಯುತ್ತದೆ, ಇನ್ನೊಮ್ಮೆ ಯಾರಿಗೂ ತಿಳಿಯದಂತೆ ಚೂರುಚೂರೇ ದಾರಿ ತಪ್ಪುತ್ತದೆ. ಪಂಚಾಯ್ತಿಯ ಪ್ರೋಗ್ರಾಂ ಅದನ್ನು ಹಿಡಿಯಬೇಕು. ಹಿಡಿಯದಿದ್ದರೆ ಅವನು ಪ್ರೋಗ್ರಾಂ ತಿದ್ದಬೇಕು, ಅವಳು ಹೊಸ ಹುಳುಕು ಇಡಬೇಕು. ಅವಳಿಗೆ 'ಹುಳುಕಮ್ಮ' ಎಂಬ ಹೆಸರು ಬಂದಿದ್ದು ಹೀಗೆ. ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ.

ಕಟ್ಟಳೆ ಒಂದೇ. ಇಡುವವರೂ ಹಿಡಿಯುವವರೂ ಸಂಜೆಯ ಫಲಿತಾಂಶದ ಸಭೆ ಆಗುವ ತನಕ ಆ ದಿನದ ಹುಳುಕಿನ ಮಾತೆತ್ತುವಂತಿಲ್ಲ.

ಪರೀಕ್ಷೆಯೆಲ್ಲ ಮುಗಿದ ಮೇಲೆ ಅವಳು ಸೈ ಎಂದರೆ ಆ ಪೆಟ್ಟಿಗೆ ನಿಜವಾದ ವಿಮಾನಕ್ಕೆ ಹೋಗುತ್ತದೆ. ಆ ವಿಮಾನವನ್ನು ಮೊದಲು ಹಾರಿಸುವ ಪೈಲಟ್ ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಣ್ಣ.

*

"ಇವತ್ತು ಖುಷಿಯಾಗಿದೀರ ಅನ್ಸುತ್ತೆ," ಎಂದ ಅವನು ಒಂದು ಸಂಜೆ.

ಫಲಿತಾಂಶದ ಸಭೆ ಮುಗಿದಿತ್ತು. ಎಲ್ಲರೂ ಎದ್ದುಹೋಗಿದ್ದರು. ಅವಳು ವೈರು ಸುತ್ತಿಡುತ್ತಿದ್ದಳು.

"ಯಾರು ಹೇಳಿದ್ದು?"

"ಹುಳುಕು ಹೇಳ್ತು. ದೊಡ್ಡದಾಗಿ, ಧೈರ್ಯವಾಗಿ ಇಟ್ಟಿದ್ರಿ. ನಿನ್ನೆ ಇಟ್ಟಿದ್ದು ಹಾಗಿರಲಿಲ್ಲ. ಎರಡನೇ ಸೆನ್ಸಾರ್ ಪಾಪ, ಒಳಗೊಳಗೇ ಕೊರಗ್ತಾ ಇತ್ತು. ಮನೇಲಿ ಏನಾದ್ರೂ ಜಗಳನಾ?"

ಅವಳ ಕೈಯಲ್ಲಿದ್ದ ವೈರು ಹಾಗೇ ನಿಂತಿತು. ನಿನ್ನೆ ನಿಜವಾಗಿಯೂ ಜಗಳವಾಗಿತ್ತು. ಅತ್ತಿಗೆಯ ಜೊತೆ, ಬಚ್ಚಲುಮನೆಯ ನಲ್ಲಿ ರಿಪೇರಿ ಮಾಡಿಸುವ ವಿಷಯಕ್ಕೆ. ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ.

'ಅಯ್ಯೋ... ನನ್ನ ಅಣ್ಣನಿಗೇ ಗೊತ್ತಾಗಲಿಲ್ಲ. ಇವನಿಗೆ ಗೊತ್ತಾಯ್ತಲ್ಲ!'

"ಸೆನ್ಸಾರ್ ನೋಡಿ ಜಾತಕ ಹೇಳೋಕೆ ಯಾವಾಗಿಂದ ಶುರು ಮಾಡಿದ್ರಿ?" ಎಂದಳು, ದನಿಯಲ್ಲಿ ಆದಷ್ಟು ಬಿಗಿ ತಂದುಕೊಂಡು.

"ನಿಮ್ಮದೊಂದೇ ಹೇಳೋದು," ಎಂದು ಅವನು ಸಹಜವಾಗಿಯೇ ಅಂದ. ಅಂದ ಮೇಲೆ ಅದರ ಅರ್ಥ ಅವನಿಗೇ ತಟ್ಟಿ, ಕಾಫಿ ಯಂತ್ರದ ಕಡೆ ತಿರುಗಿ ಎರಡು ಲೋಟ ತುಂಬಿಸಿದ. ಒಂದನ್ನು ಅವಳ ಮುಂದಿಟ್ಟ.

ಅಂದಿನಿಂದ ಸಂಜೆಯ ಸಭೆ ಮುಗಿದ ಮೇಲೆ ಕಾಫಿ ಎನ್ನುವುದು ರೂಢಿಯಾಯಿತು. ಹುಳುಕಿನ ಮಾತು ಅಪ್ಪಿತಪ್ಪಿಯೂ ಇಲ್ಲ. ಅವರು ಮಾತಾಡಿದ್ದು ಮನೆ ಬಾಡಿಗೆ, ಸೊಳ್ಳೆ, ಅವನಿಗೆ ಈಜು ಬಾರದಿರುವುದು, ಅವಳಿಗೆ ಸೈಕಲ್ ಬಾರದಿರುವುದು, ಹೀಗೆ ಹಾಳುಮೂಳು. ಅವನು ನಗಿಸುವವನಲ್ಲ, ಆದರೆ ಕೇಳುವವನು. ಎದುರಿಗೆ ಕೂತವನು ತನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ ಎನ್ನುವುದೇ ಅವಳಿಗೆ ಹೊಸ ರುಚಿ. ಆ ರುಚಿ ಹತ್ತಿತು.

ಈ ನಡುವೆ ಅವನ ಪ್ರೋಗ್ರಾಂ ಭರ್ಜರಿಯಾಗಿ ಗೆಲ್ಲತೊಡಗಿತು. ಅವಳು ಎಷ್ಟೇ ಹುಷಾರಾಗಿ ಇಟ್ಟರೂ ಹುಳುಕು ಸಿಕ್ಕಿಬೀಳುತ್ತಿತ್ತು. ಸಭೆಯಲ್ಲಿ ಅವಳು ಮುಖ ಗಂಟಿಕ್ಕಿ "ಹಿಡಿದಿದೆ" ಎನ್ನುತ್ತಿದ್ದಳು. ಗಂಟಿನ ಒಳಗೆ ಮಾತ್ರ ಸಂತೋಷ ಉಕ್ಕುತ್ತಿತ್ತು.

ಮನೆಯಲ್ಲಿ ಅತ್ತಿಗೆಗೆ ಇದು ಯಾರೂ ಹೇಳದೆ ಗೊತ್ತಾಯಿತು. ಅತ್ತಿಗೆ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಎಲ್ಲ ಕಾಣುತ್ತದೆ ಎನ್ನುವುದು ಅವಳ ಹೆಮ್ಮೆ.

"ಏನೇ, ಈಚೆಗೆ ಊಟ ಮಾಡುವಾಗ ಒಬ್ಬಳೇ ನಗ್ತೀಯ?"

"ಎಲ್ಲಿ ನಕ್ಕೆ? ಹಲ್ಲು ನೋಯ್ತಿದೆ."

"ನೋವಿಗೆ ಯಾರಾದ್ರೂ ಹೀಗೆ ನಗ್ತಾರೇನೇ? ರೀ, ನಿಮ್ಮ ತಂಗಿಗೆ ಏನೋ ಆಗಿದೆ ನೋಡಿ."

ಅಣ್ಣ ಪೇಪರಿನಿಂದ ಮುಖ ತೆಗೆಯಲಿಲ್ಲ. "ಆಗ್ಲಿ ಬಿಡು. ನನ್ನ ವಿಮಾನಕ್ಕೆ ಏನೂ ಆಗದಿದ್ರೆ ಸಾಕು. ಏನಮ್ಮ, ಪೆಟ್ಟಿಗೆ ರೆಡಿನಾ?"

"ಇನ್ನೇನು, ಆಯ್ತು ಅಣ್ಣ."

"ನೀನು ಆಯ್ತು ಅಂದ್ರೆ ನಾನು ಕಣ್ಣು ಮುಚ್ಕೊಂಡು ಹತ್ತಿ ಕೂತ್ಕೊಳ್ತೀನಿ."

ಅವನು ಅದನ್ನು ಸುಮ್ಮನೆ ಮಾತಿಗೆ ಅಂದದ್ದಲ್ಲ. ಅವಳ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

*

ಹಲ್ಲುನೋವು ನೆಪವಾಗಿರಲಿಲ್ಲ, ನಿಜವಾಗಿಯೂ ಇತ್ತು. ಬುದ್ಧಿಹಲ್ಲು ಅಡ್ಡ ಬೆಳೆದಿತ್ತು. ಅತ್ತಿಗೆ ಒಂದು ದಿನ ಹಿಡಿದು ಕೂರಿಸಿ ಕಿತ್ತೇಬಿಟ್ಟಳು. ಕೆನ್ನೆ ಬನ್ನಿನಂತೆ ಊದಿತು. ಅವಳು ರಜೆ ಹಾಕಿ ಮಲಗಿದಳು.

ಅವಳ ಬದಲಿಗೆ ಅಂದು ಹುಳುಕು ಇಟ್ಟವರು ಲ್ಯಾಬಿನ ಮುಖ್ಯಸ್ಥೆ, ಹಿರಿಯ ಮೇಡಂ. ನಿವೃತ್ತಿಗೆ ಹತ್ತಿರವಾದವರು. ಇಂಥ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ವಿಮಾನ ನೇರವಾಗಿ, ಆರಾಮಾಗಿ ಸಾಗುತ್ತಿರುವಾಗ ಒಂದನೇ ಸೆನ್ಸಾರು ಚೂರುಚೂರೇ ತಪ್ಪು ಹೇಳುವಂತೆ ಮಾಡಿ, ಕನ್ನಡಕ ಒರೆಸಿಕೊಂಡು ಕೂತರು. ಬಲು ಸಾದಾ ಹುಳುಕು.

ಪ್ರೋಗ್ರಾಂ ಅದನ್ನು ಹಿಡಿಯಲಿಲ್ಲ.

ಸುಳ್ಳು ವಿಮಾನ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತಾ ಹೋಯಿತು. ರೆಕ್ಕೆ ಆಡಿಸುವ ಕಂಪ್ಯೂಟರಿಗೂ ಅದೇ ಸುಳ್ಳು, ದಾರಿ ಹೇಳುವುದಕ್ಕೂ ಅದೇ ಸುಳ್ಳು, ಪೈಲಟ್ಟಿನ ಪರದೆಗೂ ಅದೇ. ಎಲ್ಲ ಸರಿಯಿದೆ ಎಂದು ಎಲ್ಲವೂ ಹೇಳುತ್ತಿರುವಾಗಲೇ ವಿಮಾನ ನೆಲಕ್ಕೆ ಬಿತ್ತು. ಸದ್ಯ, ಬಿದ್ದದ್ದು ಪರದೆಯ ಮೇಲೆ.

ಮರುದಿನ ಅವಳು ಊದಿದ ಕೆನ್ನೆಯಲ್ಲೇ ಬಂದಳು.

"ನನ್ನದೇ ಏನೋ ತಪ್ಪಾಗಿರಬೇಕು ಕಣಮ್ಮ, ನೋಡು," ಎಂದರು ಮೇಡಂ. "ಅಭ್ಯಾಸ ತಪ್ಪಿಹೋಗಿದೆ. ನೀನಿಟ್ಟಿದ್ದೆಲ್ಲ ಹಿಡಿಯುತ್ತಲ್ಲ ಅದು."

ಅವಳೂ ಹಾಗೆಂದೇ ತಿಳಿದಳು. ಅದೇ ಹಾರಾಟವನ್ನು ಮತ್ತೆ ಹಾರಿಸಿದಳು. ಮತ್ತೆ ಬಿತ್ತು. ಬೇರೆ ಸೆನ್ಸಾರಿಗೆ ಅದೇ ಹುಳುಕು ಇಟ್ಟಳು. ಅದೂ ಬಿತ್ತು.

ಪ್ರೋಗ್ರಾಮಿನ ಅಳತೆಗಳನ್ನು ತೆರೆದು ನೋಡಿದಳು. ತಾಳೆ ಎಷ್ಟು ತಪ್ಪಿದರೆ ಹುಳುಕು ಎನ್ನಬೇಕು ಎಂಬುದಕ್ಕೆ ಅವನು ಗಡಿ ಹಾಕಿರುತ್ತಾನೆ. ವಿಮಾನ ತಿರುಗಲು ಶುರುಮಾಡಿದ ಹೊತ್ತಿನಲ್ಲಿ ಆ ಗಡಿ ಕೂದಲೆಳೆಯಷ್ಟು ಬಿಗಿ. ನೇರ ಹಾರಾಟದಲ್ಲಿ ಮಾತ್ರ ಆನೆ ನುಗ್ಗುವಷ್ಟು ಸಡಿಲ.

ಅವಳು ಯಾವಾಗಲೂ ಹುಳುಕು ಇಡುವುದು ತಿರುವಿನಲ್ಲಿ. ನೇರ ಹಾರಾಟದಲ್ಲಿ ಇಡುವುದೇ ಇಲ್ಲ.

'ಇವನು ಕಲಿತಿರೋದು ಹುಳುಕು ಹಿಡಿಯೋದನ್ನಲ್ಲ. ನನ್ನನ್ನ ಹಿಡಿಯೋದನ್ನ!'

*

ಅವನು ಮೆಟ್ಟಿಲ ಬಳಿ ಸಿಕ್ಕಿದ. ಅವಳ ಕೆನ್ನೆ ನೋಡಿ "ನೋವು ಹೇಗಿದೆ?" ಎಂದ.

"ನನ್ನ ಅಭ್ಯಾಸಗಳನ್ನ ಓದಿ ಪ್ರೋಗ್ರಾಂಗೆ ಕಲಿಸಿದ್ರಾ?"

ಅವನು ನಿಂತ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ನೇರ ಹಾರಾಟ, ಒಂದನೇ ಸೆನ್ಸಾರು, ನೆಲಕ್ಕೆ ಬಿದ್ದ ಸುಳ್ಳು ವಿಮಾನ. ಅವನ ಮುಖದ ಬಣ್ಣ ಇಳಿಯುತ್ತಾ ಹೋಯಿತು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಲೆಕ್ಕ ಸರಿಯಾಗಿಯೇ ಬರುತ್ತಿತ್ತು, ಅದೇ ಗ್ರಹಚಾರ.

"ಹೌದು... ಕಲಿಸಿದೀನಿ ಅನ್ಸುತ್ತೆ. ಒಂದೊಂದು ಸಲ ಸೋತಾಗಲೂ ಸೋತ ಜಾಗದಲ್ಲಿ ಬಿಗಿ ಮಾಡ್ತಾ ಹೋದೆ. ಸುಮ್ಮಸುಮ್ಮನೆ ಅಲಾರಂ ಹೊಡೀಬಾರದು ಅಂತ ಮಿಕ್ಕ ಕಡೆ ಸಡಿಲ ಬಿಟ್ಟೆ."

"ಬೇಕು ಅಂತಲೇನಾ?"

"ಗೊತ್ತಿಲ್ಲ."

"ಗೊತ್ತಿಲ್ವಾ? ದಿನಾ ಎದುರಿಗೆ ಕೂತು ಕಾಫಿ ಕುಡಿದ್ರಲ್ಲ! ನಾನು ಯಾವಾಗ ನಗ್ತೀನಿ, ಯಾವಾಗ ಮುನಿಸ್ಕೊಳ್ತೀನಿ ಅಂತ ನೋಡಿದ್ರಲ್ಲ! ಅದು ನನಗೋಸ್ಕರ ನೋಡಿದ್ದಾ, ಇಲ್ಲಾ ನಿಮ್ಮ ಪೆಟ್ಟಿಗೆಗೋಸ್ಕರನಾ?"

ಇಂಥ ಹೊತ್ತಿನಲ್ಲಿ 'ನಿನಗೋಸ್ಕರ' ಎಂದುಬಿಟ್ಟರೆ ಎಷ್ಟೋ ಸಂಸಾರಗಳು ಉಳಿಯುತ್ತವೆ. ಆದರೆ ಅವನು ಅಳೆಯದೆ ಏನನ್ನೂ ಹೇಳಿ ಅಭ್ಯಾಸವಿಲ್ಲದ ಪ್ರಾಣಿ.

"ಸತ್ಯವಾಗಿ ಹೇಳ್ತೀನಿ. ಎರಡನ್ನೂ ಬೇರೆ ಮಾಡಿ ನೋಡೋಕೆ ನನಗೆ ಈಗ ಆಗ್ತಿಲ್ಲ," ಎಂದ.

"ಬೇಡ ಬಿಡಿ. ನಾನು ಉಪಯೋಗಕ್ಕೆ ಬಂದೆ, ಅಷ್ಟೇ."

ಅವಳು ಮೆಟ್ಟಿಲು ಇಳಿದು ಹೋದಳು. ಅವನು ಹಿಂದೆ ಬರಲಿಲ್ಲ. ಬರಲಿ ಎಂದು ಅವಳಿಗೆ ಆಸೆಯಿತ್ತು. ಬಂದಿದ್ದರೆ ಇನ್ನೂ ನಾಲ್ಕು ಮಾತು ಬೈದು ಅಳಬಹುದಿತ್ತು. ಅದೂ ಕೈಗೂಡಲಿಲ್ಲ.

*

ಮರುದಿನ ನಿರ್ಧಾರದ ಸಭೆ. ಹಾರಾಟದ ದಿನ ಆಗಲೇ ಮೇಲಿನವರಿಗೆ ತಿಳಿಸಿಯಾಗಿತ್ತು. ಅವಳು ಸೈ ಎನ್ನುವುದೊಂದೇ ಬಾಕಿ.

ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತಿಗೆ ಅವಳ ಗಲ್ಲ ಹಿಡಿದು ಬಾಯೊಳಗೆ ಟಾರ್ಚು ಬಿಟ್ಟಳು. "ಗಾಯ ಚೆನ್ನಾಗಿ ಮಾಯ್ತಿದೆಯಲ್ಲೇ. ಮತ್ಯಾಕೆ ಈ ಮುಖ?"

"ಅತ್ತಿಗೆ... ಒಬ್ಬರು ನಮ್ಮನ್ನ ಪೂರ್ತಿ ಅರ್ಥ ಮಾಡ್ಕೊಂಡಿದಾರೆ ಅಂತ ಖುಷಿಪಟ್ಟಿರ್ತೀವಿ. ಆಮೇಲೆ ನೋಡಿದ್ರೆ ಅದು ಅವರ ಕೆಲಸಕ್ಕೆ ಬೇಕಾಗಿತ್ತು ಅಷ್ಟೇ ಅಂತ ಗೊತ್ತಾದ್ರೆ?"

ಅತ್ತಿಗೆ ಟಾರ್ಚು ಆರಿಸಿದಳು. ತಮಾಷೆ ಮಾಡಲಿಲ್ಲ. "ನನ್ನ ಹತ್ರ ಬರೋರು ಎಲ್ಲಿ ನೋವು ಅಂದ್ರೆ ಯಾವಾಗಲೂ ಪಕ್ಕದ ಹಲ್ಲು ತೋರಿಸ್ತಾರೆ ಕಣೇ. ಸುಳ್ಳು ಹೇಳಲ್ಲ ಪಾಪ. ನೋವು ಇರೋದು ಅಲ್ಲೇ ಅಂತ ಅವರಿಗೆ ಅನ್ಸುತ್ತೆ. ಎಲ್ಲಾ ಹಲ್ಲನ್ನೂ ಒಂದ್ಸಲ ತಟ್ಟಿ ನೋಡಬೇಕು."

ಬಸ್ಸಿನಲ್ಲಿ ಕೂತಾಗ ಆ ಮಾತು ಅವಳನ್ನು ಕೊರೆಯತೊಡಗಿತು. ಲ್ಯಾಬಿಗೆ ಹೋದವಳೇ ತಾನು ಇಟ್ಟ ಹುಳುಕುಗಳನ್ನೆಲ್ಲ ಮೊದಲಿನಿಂದ ಪರದೆಯ ಮೇಲೆ ಹರಡಿದಳು. ಅವನ ಅಳತೆಗಳನ್ನು ನೋಡಿಯಾಗಿತ್ತು, ತನ್ನವನ್ನು ನೋಡಿರಲಿಲ್ಲ.

ಮೊದಮೊದಲು ಹುಳುಕು ಎಲ್ಲೆಲ್ಲೂ ಇದ್ದವು. ತಿರುವಿನಲ್ಲಿ, ನೇರದಲ್ಲಿ, ಏರುವಾಗ, ಇಳಿಯುವಾಗ. ಅವನನ್ನು ನಿಜವಾಗಿಯೂ ಗೋಳಾಡಿಸಿದ ದಿನಗಳು ಅವು. ಆಮೇಲೆ, ಸಂಜೆಯ ಕಾಫಿ ಶುರುವಾದ ಮೇಲೆ, ಹುಳುಕುಗಳೆಲ್ಲ ಒಂದೊಂದಾಗಿ ತಿರುವಿನ ಕಡೆಗೇ ಸರಿದಿದ್ದವು. ಅವನು ಮೊದಲು ನೋಡುವ ಜಾಗಕ್ಕೇ ಬಂದು ಕೂತಿದ್ದವು.

ಅವಳು ಬಹಳ ಹೊತ್ತು ಅದನ್ನು ನೋಡುತ್ತಾ ಕೂತಳು. ನಾಚಿಕೆಯಾಯಿತು, ಅಳು ಬಂತು, ಕೊನೆಗೆ ಭಯವಾಯಿತು. ಆ ವಿಮಾನದಲ್ಲಿ ಕೂರಬೇಕಾದವನು ಅಣ್ಣ.

ಸಭೆಯಲ್ಲಿ ನಿರ್ದೇಶಕರು, ಹಿರಿಯ ಮೇಡಂ, ಪೈಲಟ್ ಅಣ್ಣ, ಅವನು. ನಿರ್ದೇಶಕರು ಗಡಿಯಾರ ನೋಡಿಕೊಂಡು "ಹೂಂ, ಸೈ ತಾನೇ?" ಎಂದರು.

ಅವಳು ಎದ್ದು ನಿಂತಳು. "ಇಲ್ಲ ಸರ್. ಈ ಪರೀಕ್ಷೆ ಲೆಕ್ಕಕ್ಕಿಲ್ಲ."

ನಿರ್ದೇಶಕರು ಗಡಿಯಾರದಿಂದ ಕಣ್ಣು ತೆಗೆದರು.

"ಈ ಪ್ರೋಗ್ರಾಂ ನಾನಿಟ್ಟ ಹುಳುಕುಗಳನ್ನ ಮಾತ್ರ ಹಿಡಿಯುತ್ತೆ. ಮೇಡಂ ಇಟ್ಟಿದ್ದು ಹಿಡೀಲಿಲ್ಲ. ನಿಜವಾಗಿ ಸೆನ್ಸಾರ್ ಕೆಟ್ರೆ ಹಿಡಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ."

ನಿರ್ದೇಶಕರ ಹುಬ್ಬು ಗಂಟಾಯಿತು. "ಅಂದ್ರೆ? ನೀವಿಬ್ಬರೂ ಹೊರಗೆ ಮಾತಾಡ್ಕೊಂಡಿದ್ರಾ?"

"ಹುಳುಕು ಎಲ್ಲಿಡ್ತೀನಿ ಅಂತ ಮಾತಾಡಿಲ್ಲ ಸರ್. ಮಿಕ್ಕಿದ್ದೆಲ್ಲಾ ಮಾತಾಡಿದೀವಿ."

ಅಣ್ಣನಿಗೆ ಕೆಮ್ಮು ಬಂತು.

ಅವಳು ನಿರ್ದೇಶಕರ ಕಡೆಗೇ ತಿರುಗಿದಳು. ಮುಂದಿನದನ್ನು ಹೇಳದೆಯೂ ಸಭೆ ಮುಗಿಸಬಹುದಿತ್ತು. ತಪ್ಪೆಲ್ಲ ಅವನ ಅಳತೆಗಳದ್ದು ಎಂದರೂ ನಡೆಯುತ್ತಿತ್ತು. "ಅವರು ಕಳ್ಳತನ ಮಾಡಿಲ್ಲ. ಅವರು ಎಲ್ಲಿ ಹುಡುಕ್ತಾರೋ ನಾನು ಅಲ್ಲೇ ಇಟ್ಟೆ. ಸಿಗಲಿ ಅಂತಲೇ ಬಚ್ಚಿಟ್ಟೆ, ನನಗೇ ಗೊತ್ತಿಲ್ಲದ ಹಾಗೆ. ಈ ಕೆಲಸ ಮಾಡೋರು ಹಾಗೆ ಮಾಡಬಾರದು. ನನ್ನನ್ನ ಇದರಿಂದ ತೆಗೆದುಬಿಡಿ."

ಅವಳು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ನಿರ್ದೇಶಕರಿಗೆ ಇದೆಲ್ಲ ತಲೆನೋವಾಗಿ ಕಂಡಿತು. "ಒಂದು ಹುಳುಕು ತಪ್ಪಿದೆ ಅಷ್ಟೇ ತಾನೇ? ನೇರ ಹಾರಾಟದಲ್ಲೂ ಬಿಗಿ ಮಾಡಿದ್ರೆ ಮುಗೀತಲ್ಲ. ಏನ್ರೀ, ನಾಳೆಯೊಳಗೆ ಮಾಡ್ತೀರಾ?"

ಅವನು ಹೂಂ ಎಂದಿದ್ದರೆ ಅವನ ಮುಖ್ಯಸ್ಥನ ಜಾಗ ಉಳಿಯುತ್ತಿತ್ತು.

"ಮಾಡಬಹುದು ಸರ್. ಆದ್ರೆ ಇವರನ್ನ ಕಲಿತ ಹಾಗೆ ಅದು ಮೇಡಂನ ಕಲಿಯುತ್ತೆ, ಅಷ್ಟೇ. ಹುಳುಕು ಮನುಷ್ಯರೇ ಇಡಬಾರದು. ದಾಳ ಹಾಕಿದ ಹಾಗೆ ಕಂಪ್ಯೂಟರೇ ಆರಿಸಲಿ. ನನಗೂ ಗೊತ್ತಾಗಬಾರದು, ಯಾರಿಗೂ ಗೊತ್ತಾಗಬಾರದು. ಮೊದಲಿಂದ ಶುರು ಮಾಡಬೇಕು."

"ಮೊದಲಿಂದ ಅಂದ್ರೆ ನಿಮ್ಮ ಜಾಗದಲ್ಲಿ ಬೇರೆ ಮುಖ್ಯಸ್ಥರು ಬರ್ತಾರೆ. ತಿಳೀತಾ?"

"ತಿಳೀತು ಸರ್."

ಅಣ್ಣ ಮೊದಲ ಸಲ ಬಾಯಿಬಿಟ್ಟ. "ಹಾರೋನು ನಾನು. ನಾನು ಕಾಯ್ತೀನಿ."

*

ಅವಳನ್ನು ಬೇರೆ ಕಟ್ಟಡಕ್ಕೆ ಹಾಕಿದರು. ಅಲ್ಲಿ ವಿಮಾನದ ಬಿಡಿಭಾಗಗಳನ್ನು ಮೇಜಿನ ಮೇಲಿಟ್ಟು ಗಡಗಡ ನಡುಗಿಸಿ ನೋಡುವುದು ಕೆಲಸ. ಅವನಿಂದ ಮುಖ್ಯಸ್ಥನ ಕೋಣೆ ಕಿತ್ತುಕೊಂಡರು. ಹೊಸ ಮುಖ್ಯಸ್ಥರ ಕೈಕೆಳಗೆ, ಮೂಲೆಯ ಮೇಜಿನಲ್ಲಿ, ಅವನು ತನ್ನ ಪಂಚಾಯ್ತಿ ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಕಟ್ಟತೊಡಗಿದ. ದಾಳದ ಹುಳುಕುಗಳಿಗೆ ದಯೆದಾಕ್ಷಿಣ್ಯವಿಲ್ಲ. ಅವನು ಸೋತು ಸೋತು ಸುಣ್ಣವಾಗುತ್ತಿದ್ದಾನೆ ಎಂದು ಆಗೀಗ ಸುದ್ದಿ ಬರುತ್ತಿತ್ತು.

ಒಮ್ಮೆ ಗೇಟಿನ ಬಳಿ ಎದುರಾದ. ಅವಳು ನಡಿಗೆ ನಿಧಾನ ಮಾಡಿದಳು. ಅವನು ತಲೆ ತಗ್ಗಿಸಿ ಸರಸರನೆ ನಡೆದುಹೋದ.

'ಸರಿ ಹೋಯ್ತು. ಕೆಲಸ ತೀರಿತು, ನೆಂಟಸ್ತಿಕೆ ತೀರಿತು.'

ಸಭೆಯಲ್ಲಿ ಎಲ್ಲರ ಮುಂದೆ ಮನಸ್ಸು ಬಿಚ್ಚಿಟ್ಟದ್ದು ಅವಳು. ಅದನ್ನು ಕೇಳಿಸಿಕೊಂಡವನು ಒಂದು ಮಾತಿಗೂ ಬರಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟಿಗಿಂತ ತನ್ನ ಮೇಲೆ ಕನಿಕರ ಹೆಚ್ಚಾಯಿತು. ಸೈಕಲ್ ಕಲಿತಳು, ಎರಡು ಸಲ ಬಿದ್ದಳು. ಮರೆಯಲು ನೋಡಿದಳು, ಆಗಲಿಲ್ಲ.

ಕೊನೆಗೂ ದಾಳ ಸೋತಿತು, ಪ್ರೋಗ್ರಾಂ ಗೆದ್ದಿತು. ಈ ಸಲ ಸೈ ಎಂದವರು ಬೇರೆಯವರು. ಹಾರಾಟದ ದಿನ ಬಂತು.

ಅವಳು ಅತ್ತಿಗೆಯ ಜೊತೆ ಓಡುದಾರಿಯ ಬೇಲಿಯ ಪಕ್ಕ ನಿಂತಿದ್ದಳು. ವಿಮಾನ ಎದ್ದಿತು, ಚುಕ್ಕಿಯಾಯಿತು, ಕಾಣದಾಯಿತು. ಅತ್ತಿಗೆ ಅವಳ ಕೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು.

ವಿಮಾನ ಮತ್ತೆ ಕಂಡಿತು. ಇಳಿಯಿತು. ಒಂದಷ್ಟು ಹೊತ್ತಾದ ಮೇಲೆ ಅಣ್ಣ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, ಮಾರ್ಕೆಟ್ಟಿಗೆ ಹೋಗಿಬಂದವನ ಹಾಗೆ ನಡೆದುಬಂದ.

"ಏನಾಯ್ತು ರೀ?" ಅತ್ತಿಗೆ ಕೇಳಿದಳು.

"ಏನಿಲ್ಲ. ನೇರವಾಗಿ ಹೋಗ್ತಿದ್ದೆ. ಐದನೇ ಸೆನ್ಸಾರ್ ಹೊರಗೆ ಹಾಕಿದೀನಿ ಅಂತ ದೀಪ ಹತ್ತಿತು. ಉಳಿದ ಐದರಲ್ಲೇ ಬಂದೆ. ಆಗಲೇ ಬಿಚ್ಚಿ ನೋಡ್ತಿದಾರೆ, ಅದು ನಿಜವಾಗಲೂ ಕೆಟ್ಟಿದೆಯಂತೆ. ಮೆಲ್ಲಗೆ ತಪ್ತಾ ಇತ್ತಂತೆ."

ಅಣ್ಣ ತಂಗಿಯ ತಲೆಯ ಮೇಲೆ ಕೈಯಿಟ್ಟು ಒಂದು ಸಲ ಅಲುಗಾಡಿಸಿದ. "ಅವತ್ತು ನೀನು ಸೈ ಅಂದಿದ್ರೆ..." ಎಂದ. ಅತ್ತಿಗೆ ಅವನ ತೋಳು ಹಿಡಿದು ಕರೆದೊಯ್ದಳು. ಅವಳೀಗ ಅಳುತ್ತಿದ್ದಳು, ಗಂಡನಿಗೆ ಬೈಯುತ್ತಲೂ ಇದ್ದಳು.

ತಂಗಿ ಒಬ್ಬಳೇ ಉಳಿದಳು. ಬೇಲಿಗೆ ಒರಗಿ ನಿಂತಳು. ಓಡುದಾರಿಯ ಆ ತುದಿಯಿಂದ ಯಾರೋ ಓಡಿಬರುತ್ತಿದ್ದರು. ಎತ್ತರದ ಮನುಷ್ಯ, ಏದುಸಿರು ಬಿಡುತ್ತಾ ಎದುರಿಗೆ ಬಂದು ನಿಂತ. ಸೊರಗಿದ್ದ.

"ಪರೀಕ್ಷೆ ಮುಗೀತು," ಎಂದ.

"ನೋಡಿದೆ. ಗೆದ್ರಲ್ಲ. ಸಂತೋಷ."

"ಹುಳುಕು ಈಗ ದಾಳ ಇಡುತ್ತೆ. ನೀವು ಆ ಕಟ್ಟಡದಲ್ಲೇ ಇಲ್ಲ. ನಿಮ್ಮನ್ನ ಓದಿ ನನಗೆ ಆಗಬೇಕಾದ್ದು ಏನೂ ಇಲ್ಲ. ನಿಮ್ಮಿಂದ ಈಗ ನನಗೆ ಚೂರೂ ಉಪಯೋಗ ಇಲ್ಲ."

"ಇದನ್ನ ಹೇಳೋಕೆ ಅಲ್ಲಿಂದ ಓಡಿಬಂದ್ರಾ?"

"ಹೂಂ. ಅವತ್ತು ಕೇಳಿದ್ರಲ್ಲ, ನಿಮಗೋಸ್ಕರನಾ ಪೆಟ್ಟಿಗೆಗೋಸ್ಕರನಾ ಅಂತ. ಅವತ್ತು ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಗೊತ್ತಾಗೋಕೆ ಒಂದೇ ದಾರಿ ಇತ್ತು. ಉಪಯೋಗ ಪೂರ್ತಿ ನಿಂತುಹೋಗಬೇಕು. ಆಮೇಲೂ ನೀವು ನೆನಪಾಗ್ತೀರಾ ಅಂತ ನೋಡಬೇಕು."

"...ಆಮೇಲೆ?"

"ದಿನಾ ನೆನಪಾಗ್ತೀರಿ. ಎದ್ದ ಕೂಡಲೇ, ಹಲ್ಲುಜ್ಜುವಾಗ, ಸೋತಾಗ, ಗೆದ್ದಾಗಂತೂ ಇನ್ನೂ ಜಾಸ್ತಿ. ಇವತ್ತು ಖುಷಿಯಾಗಿದಾರಾ, ಯಾರ ಜೊತೆಗಾದ್ರೂ ಜಗಳ ಆಡಿದಾರಾ ಅಂತ... ಗೊತ್ತಾಗೋಕೆ ಏನೂ ಇರಲಿಲ್ಲ. ಬಹಳ ಕಷ್ಟ ಆಯ್ತು ರೀ."

"ಮತ್ತೆ ಗೇಟಿನ ಹತ್ರ ತಲೆ ತಗ್ಗಿಸ್ಕೊಂಡು ಹೋದ್ರಲ್ಲ!"

"ಮಾತಾಡಿದ್ರೆ ಪರೀಕ್ಷೆ ಕೆಡ್ತಿತ್ತು."

ಅವಳು ಅವನನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಈ ಮಹಾರಾಯ ತನ್ನ ಪ್ರೀತಿಯನ್ನೂ ಮೇಜಿನ ಮೇಲಿಟ್ಟು, ಬೇರೆ ಏನೂ ಸೋಂಕದಂತೆ ಇಷ್ಟು ದಿನ ಕಾದು, ಫಲಿತಾಂಶ ಹಿಡಿದುಕೊಂಡು ಬಂದಿದ್ದಾನೆ! ಅವಳಿಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣಿಂದ ಬಳಬಳ ನೀರಿಳಿಯಿತು.

"ನಿಮ್ಮ ಪರೀಕ್ಷೆ ನೆಟ್ಟಗಾಯ್ತು. ಇಲ್ಲಿ ನಾನೆಷ್ಟು ಒದ್ದಾಡಿದೆ ಅಂತ ಯಾರು ನೋಡೋರು?"

"ಅದು... ಅದನ್ನ ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ತಪ್ಪಾಯ್ತು." ಅವನ ದನಿ ಸಣ್ಣಗಾಯಿತು. "ತುಂಬಾ ಒದ್ದಾಡಿದ್ರಾ?"

"ತುಂಬಾ."

"ಈಗ?"

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. ಅವನ ಬೆರಳುಗಳನ್ನು ಹಿಡಿದಳು. "ಈಗ ಏನನ್ನೂ ಬಚ್ಚಿಡಲ್ಲ. ಹುಡುಕೋ ಕಷ್ಟವೂ ನಿಮಗೆ ಬೇಡ. ನನಗೆ ನೀವಂದ್ರೆ ಇಷ್ಟ."

ಅವನು ಕಿವಿಯನ್ನು ಅವಳತ್ತ ಬಾಗಿಸಿದ.

"ಕೇಳಿಸ್ತಾ?"

"ಇಲ್ಲ... ವಿಮಾನದ ಸದ್ದು."

"ಸದ್ದು ನಿಂತು ಎಷ್ಟೊತ್ತಾಯ್ತು!"

"ಗೊತ್ತು," ಎಂದ ಅವನು. "ಇನ್ನೊಂದ್ಸಲ ಹೇಳಿ."

ಅವಳು ಹೇಳಿದಳು.